ಸಂಗೀತದ ಮೇಷ್ಟ್ರ ಜೊತೆ ಓಡಿಹೋದವಳು

ಕಾದಂಬರಿ ಓದಿದ ಹುಡುಗಿಯರು ಕೆಟ್ಟುಹೋಗುತ್ತಾರೆಂದು ಊರಿಗೆ ಊರೇ ನಂಬಿದ್ದ ಕಾಲ ಅದು. ಮಗಳನ್ನು ನೋಡಲು ಗಂಡಿನ ಕಡೆಯವರು ಬರುವ ದಿನ ಅಲಮೇಲಮ್ಮ ಮನೆಯಲ್ಲಿದ್ದ ಕಾದಂಬರಿಗಳನ್ನೆಲ್ಲ ಅಕ್ಕಿ ಡಬ್ಬದಲ್ಲಿ ಹೂತಿಟ್ಟರು.

"ನೀನು ಇವನ್ನ ಕಣ್ಣಲ್ಲೂ ಕಂಡಿಲ್ಲ, ತಿಳೀತಾ?"

"ನೀನು ಕೈಯಿಂದ ಬಿಟ್ಟರೆ ತಾನೇ ನಾನು ಕಾಣೋದು," ಎಂದು ಮಗಳು ವೇದವಲ್ಲಿ ಗೊಣಗಿದಳು.

ಹುಡುಗನ ತಾಯಿ ಕಾಫಿ ಲೋಟ ಹಿಡಿದುಕೊಂಡೇ ವಿಚಾರಣೆ ಶುರುಮಾಡಿದರು. "ಹುಡುಗಿ ಕಾದಂಬರಿ ಗೀದಂಬರಿ ಓದ್ತಾಳೇನು?"

"ರಾಮ ರಾಮ. ಅವು ನಮ್ಮ ಹೊಸಿಲೇ ದಾಟಿಲ್ಲ."

"ಸದ್ಯ. ಅಂಥೋಳು ನಮ್ಮನೆಗೆ ಬೇಡವೇ ಬೇಡ. ಈಗೊಂದು ಬಂದಿದೆಯಂತೆ, ಅದರಲ್ಲಿ ಚಂದ್ರಭಾಗೆ ಅನ್ನೋಳು ಗಂಡನ್ನ ಬಿಟ್ಟು ಸಂಗೀತದ ಮೇಷ್ಟ್ರ ಜೊತೆ ಓಡಿಹೋಗ್ತಾಳಂತೆ. ನಾಚಿಕೆಗೆಟ್ಟೋಳು."

ಇಷ್ಟು ಒಳ್ಳೆಯ ಸಂಬಂಧ ಕೈತಪ್ಪಬಾರದೆಂದರೆ ಬಾಯಿ ಮುಚ್ಚಿಕೊಂಡಿರಬೇಕೆಂದು ಅಲಮೇಲಮ್ಮನಿಗೆ ಗೊತ್ತಿತ್ತು. ಬಾಗಿಲ ಮರೆಯಿಂದ ಮಗಳೂ ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದಳು. ಆದರೆ ಒಲೆಯ ಮೇಲಿನ ಹುಳಿ ಸೀದುಹೋಗುವವರೆಗೆ ಚಂದ್ರಭಾಗೆಗಾಗಿ ಅತ್ತಿದ್ದ ಹೆಂಗಸಿಗೆ ಈ ಅಪವಾದ ತಡೆದುಕೊಳ್ಳಲಾಗಲಿಲ್ಲ.

"ಓಡಿಹೋಗಲ್ಲ ರೀ, ಪಾಪ. ಮೇಷ್ಟ್ರು ಅವಳ ಒಡಹುಟ್ಟಿದ ಅಣ್ಣ. ಎರಡನೇ ಭಾಗದಲ್ಲಿ ಗೊತ್ತಾಗತ್ತೆ."

ಅಂದುಬಿಟ್ಟ ಮೇಲೆ ನಾಲಿಗೆ ಕಚ್ಚಿಕೊಂಡು ತಲೆ ತಗ್ಗಿಸಿದರು. ಹುಡುಗನ ತಾಯಿ ಲೋಟ ಕೆಳಗಿಟ್ಟರು. ಜಗಲಿಯಲ್ಲಿ ಕೂತಿದ್ದ ಗಂಡಸರ ಕಡೆ ಒಮ್ಮೆ ನೋಡಿ, ಚಾಪೆಯ ಮೇಲೆ ಮೆಲ್ಲಗೆ ಹತ್ತಿರ ಸರಿದರು.

"ಎರಡನೇ ಭಾಗ ಬಂದಿದೆಯೇನ್ರೀ? ಇದ್ರೆ ಕೊಡಿ, ಸೆರಗಲ್ಲಿ ಮುಚ್ಚಿಟ್ಕೊಂಡು ಹೋಗ್ತೀನಿ."