ಕಪ್ಪಾದ ಚೌಕ

ಕೂಲಿಯ ಜನ ಸೂಜಿಯಮ್ಮ ಎಂದೇ ಕರೆಯುವ ನರ್ಸು ಲಸಿಕೆಯ ಡಬ್ಬಿಯ ಮುಚ್ಚಳ ತೆಗೆದಳು. ದಾರಿಯಲ್ಲಿ ಬಸ್ಸು ಕೈಕೊಟ್ಟು ಸುಡುಬಿಸಿಲಲ್ಲಿ ಕಾದದ್ದಕ್ಕೆ ಮಂಜುಗಡ್ಡೆಯೆಲ್ಲ ಕರಗಿ ನೀರಾಗಿತ್ತು. ಸೀಸೆಯ ಮೇಲೊಂದು ಪುಟ್ಟ ಬಿಳಿ ಚೌಕವಿರುತ್ತದೆ. ಬಿಸಿ ಹೆಚ್ಚಾದರೆ ಅದು ಕಪ್ಪಾಗುತ್ತದೆ, ಕಪ್ಪಾದರೆ ಲಸಿಕೆ ಕೆಟ್ಟಂತೆಯೇ. ಒಂದೊಂದನ್ನೂ ಎತ್ತಿ ನೋಡಿದಳು. ಎಲ್ಲವೂ ಕಪ್ಪು.

ಎದುರಿಗೆ ಇಟ್ಟಿಗೆ ಭಟ್ಟಿಯ ತಾಯಂದಿರು. ಕೂಲಿ ಬಿಟ್ಟು, ಕೈಯ ಮಣ್ಣನ್ನೂ ತೊಳೆಯದೆ, ಕೂಸುಗಳನ್ನು ಕಂಕುಳಲ್ಲಿಟ್ಟುಕೊಂಡು ನಿಂತಿದ್ದರು. ಇವರನ್ನು ಒಟ್ಟುಗೂಡಿಸಲು ಅವಳು ಅಲೆದದ್ದೇನು ಕಡಿಮೆಯೇ! ಇವತ್ತು ಬರಿಗೈಲಿ ಕಳಿಸಿದರೆ ಇನ್ನೊಮ್ಮೆ ಒಬ್ಬಳೂ ಇತ್ತ ತಲೆಹಾಕುವುದಿಲ್ಲ.

“ಸುಮ್ನೆ ಚುಚ್ಚಿಬಿಡಿ ಅಕ್ಕಾ,” ಜೊತೆಗೆ ಬಂದಿದ್ದ ಆಯಾ ಪಿಸುಗುಟ್ಟಿದಳು. “ಯಾರಿಗೆ ಗೊತ್ತಾಗುತ್ತೆ?”

“ನನಗೆ ಗೊತ್ತಾಗಿದೆಯಲ್ಲೇ. ಆ ಹಾಳು ರೋಗಕ್ಕೂ ಗೊತ್ತಾಗುತ್ತೆ.”

ಎದ್ದು ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. “ಔಷಧಿ ಕೆಟ್ಟೋಗಿದೆ ಕಣ್ರಮ್ಮಾ. ಚುಚ್ಚಿದ್ರೆ ಮಗೂಗೆ ನೋವಷ್ಟೇ. ನಾಳೆ ಬೆಳಿಗ್ಗೆ ಹೊಸದು ತರ್ತೀನಿ.”

ಕೇಳಬೇಕೇ ಇನ್ನು! “ನಮ್ಮ ಕೂಲಿ ನಿಮ್ಮಪ್ಪ ಕೊಡ್ತಾನಾ?” ಎಂದಳೊಬ್ಬಳು. ಉಳಿದವರು ಬಾಯಿಗೆ ಬಂದಂತೆ ಬೈಯುತ್ತ ಮಣ್ಣಿನ ಗುಡ್ಡೆಯತ್ತ ನಡೆದರು. ಕೊನೆಯ ಗುಡಿಸಲ ಬಾಗಿಲಲ್ಲಿ ಕೂತಿದ್ದ ಮುದುಕಿ ಮಾತ್ರ ಸೂಜಿಯಮ್ಮನನ್ನೇ ದಿಟ್ಟಿಸಿ ನೋಡಿದಳು. ಒಂದು ದಿನವೂ ಮೊಮ್ಮಗಳನ್ನು ಸೂಜಿಗೆ ಒಡ್ಡಿದವಳಲ್ಲ ಅವಳು. “ಲೆಕ್ಕಕ್ಕೆ ಚುಚ್ಚಿ ಹೋಗೋ ಜನ ನೀವು” ಎಂದು ಮುಖದ ಮೇಲೇ ಬಾಗಿಲು ಹಾಕುತ್ತಿದ್ದ ಗಟ್ಟಿಗಿತ್ತಿ. ಅವಳೆದುರೇ ಹೀಗಾಯಿತಲ್ಲ ಎಂದು ಸೂಜಿಯಮ್ಮನಿಗೆ ಅಳುವೇ ಬಂತು.

ಮರುದಿನ ಬಸ್ಸಿನ ಸಹವಾಸವೇ ಬೇಡವೆಂದು ಹಾಲಿನ ವ್ಯಾನು ಹತ್ತಿ ಬಂದಳು. ಡಬ್ಬಿಯನ್ನು ದಾರಿಯುದ್ದಕ್ಕೂ ತೊಡೆಯ ಮೇಲಿಂದ ಇಳಿಸಿರಲಿಲ್ಲ. ಭಟ್ಟಿಯ ಅಂಗಳದಲ್ಲಿ ನರಪಿಳ್ಳೆಯೂ ಇಲ್ಲ.

“ನಾನು ಬಡ್ಕೊಂಡೆ,” ಎಂದಳು ಆಯಾ.

ಕೊನೆಯ ಗುಡಿಸಲ ಬಾಗಿಲು ಕಿರ್ರೆಂದಿತು. ಮುದುಕಿ ಮೊಮ್ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೊರಬಂದಳು. ದಾರಿಯಲ್ಲಿ ಸಿಕ್ಕ ಬಾಗಿಲನ್ನೆಲ್ಲ ದಬದಬ ತಟ್ಟುತ್ತ, “ಏಳ್ರೇ, ಬಂದಿದ್ದಾಳೆ!” ಎಂದು ಕೂಗುತ್ತ ಬಂದು ಮುಂದೆ ನಿಂತಳು.

ಸೂಜಿಯಮ್ಮನಿಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ. “ಏನಜ್ಜೀ, ಇಷ್ಟು ದಿನ ಬೇಡ ಬೇಡ ಅಂತಿದ್ದೆ?”

“ನಿನ್ನೆ ನೀನೂ ಬೇಡ ಅಂದೆಯಲ್ಲ ಮಗಳೇ,” ಎಂದಳು ಮುದುಕಿ, ಮಗುವಿನ ಅಂಗಿಯ ತೋಳು ಮೇಲೇರಿಸುತ್ತ. “ಅದಕ್ಕೇ ಕರ್ಕೊಂಡು ಬಂದೆ.”