ಉಪ್ಪುನೀರಿನ ಗುಳ್ಳೆಗಳು

ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಸಾವಂತ್ರೆವ್ವನ ಎಡಗೈ ಎಂಟು ತಿಂಗಳಿಂದ ಆಗಾಗ ಸತ್ತಂತೆ ಜೋತುಬೀಳುತ್ತಿತ್ತು. ಅರ್ಧ ತಾಸಿನಲ್ಲಿ ತಾನಾಗಿಯೇ ಸರಿಹೋಗುತ್ತಿತ್ತು. ತೋರಿಸಿದ ನಾಲ್ಕು ಆಸ್ಪತ್ರೆಗಳಲ್ಲೂ ಏನೂ ಇಲ್ಲವೆಂದಿದ್ದರು. ಮೈಗಳ್ಳಿಯ ಸೋಗು ಎಂದು ಗಂಡ ಓಣಿಗೆಲ್ಲ ಹೇಳಿಕೊಂಡು ಬಂದಿದ್ದ. ಅಲ್ಲವೆಂದು ವಾದಿಸುವ ತ್ರಾಣವೂ ಅವಳಲ್ಲಿ ಉಳಿದಿರಲಿಲ್ಲ.

ಇದು ಐದನೆಯ ಆಸ್ಪತ್ರೆ. ಡಾಕ್ಟರಮ್ಮ ಎರಡು ಸಿರಿಂಜುಗಳ ನಡುವೆ ಉಪ್ಪುನೀರನ್ನು ರಭಸದಿಂದ ಅತ್ತಿಂದಿತ್ತ ದೂಡಿದಳು. ತಿಳಿನೀರು ಮಜ್ಜಿಗೆಯಂತೆ ಬೆಳ್ಳಗಾಯಿತು.

“ಇವು ಗಾಳಿಯ ಸಣ್ಣ ಗುಳ್ಳೆ. ನಿಮ್ಮ ನರದೊಳಗ ಬಿಡ್ತೀನಿ. ಕ್ಷಣದಾಗ ಕರಗ್ತಾವ.”

“ಯಾಕ ಬಿಡ್ತೀರಿ?”

“ಅವು ಹೃದಯದ ಬಲಭಾಗಕ್ಕ ಬಂದು, ಶ್ವಾಸಕೋಶದಾಗ ಸೋಸಿ ಹೋಗಬೇಕು. ನೆಟ್ಟಗ ಎಡಭಾಗಕ್ಕ ದಾಟಿದ್ರ, ನಡುವಿನ ಗೋಡಿಗೆ ತೂತು ಐತಿ ಅಂತ ಅರ್ಥ.”

ಸಾವಂತ್ರೆವ್ವ ತನ್ನ ಹೃದಯ ತೋರಿಸುತ್ತಿದ್ದ ಸ್ಕ್ಯಾನ್ ಪರದೆಯತ್ತ ಮುಖ ಹೊರಳಿಸಿದಳು. ಡಾಕ್ಟರಮ್ಮ ಸಿರಿಂಜು ಒತ್ತಿದೊಡನೆ ಕಪ್ಪಗಿದ್ದ ಬಲಗೂಡು ಬಿಳಿ ಚುಕ್ಕಿಗಳಿಂದ ತುಂಬಿತು. ಹೃದಯ ಎರಡು ಸಲ ಬಡಿಯಿತು. ಆಮೇಲೆ ಏಳೆಂಟು ಚುಕ್ಕಿಗಳು ಎಡಗಡೆಗೆ ನುಸುಳಿದವು.

ಡಾಕ್ಟರಮ್ಮ ಅವಳ ಭುಜದ ಮೇಲೆ ಕೈಯಿಟ್ಟಳು.

“ತೂತು ಐತಿ, ತಾಯಿ. ರಕ್ತದ ಸಣ್ಣ ಹೆಪ್ಪು ಅದರಾಗಿಂದ ದಾಟಿ ಮಿದುಳಿಗೆ ಹೋಗ್ತಿರಬೇಕು. ಅದಕ್ಕ ಕೈ ಬೀಳತೈತಿ. ಮುಚ್ಚಾಕ ಬರ್ತೈತಿ, ಹೆದರಬ್ಯಾಡ್ರಿ.”

ಸಾವಂತ್ರೆವ್ವ ಕಣ್ಣು ಮುಚ್ಚಿ ದೀರ್ಘವಾಗಿ ಉಸಿರುಬಿಟ್ಟಳು. ಅಳುತ್ತಾಳೇನೋ ಎಂದು ಡಾಕ್ಟರಮ್ಮ ಕಾದಳು.

“ಹೊರಗ ನನ್ನ ಗಂಡ ಕುಂತಾನರಿ. ಒಳಗ ಕರದು, ಅವನ ಮುಂದ ಇನ್ನೊಮ್ಮೆ ಹೇಳ್ರಿ.”