ಐವತ್ತೆಂಟಕ್ಕೂ ಅರವತ್ತಕ್ಕೂ ಇರುವ ವ್ಯತ್ಯಾಸ

ಅವಸರದಲ್ಲಿದ್ದರೆ ಇದನ್ನು ಈಗ ಓದಬೇಡಿ... ಸಮಾಧಾನವಾಗಿ ಕೂತು ಓದುವ ಕಥೆ ಇದು.

ತುಮಕೂರಿನ ಹಳೇ ಕಾಂಪ್ಲೆಕ್ಸ್ ಒಂದರಲ್ಲಿ, ಉದ್ದನೆಯ ಕಾರಿಡಾರಿನ ಕೊನೆಯಲ್ಲಿ ಸುಹಾಸನ ಪುಟ್ಟ ರೆಕಾರ್ಡಿಂಗ್ ಸ್ಟುಡಿಯೋ ಇದೆ. ಕೆಲಸದಲ್ಲಿ ಗಟ್ಟಿಗ. ಆದರೆ ತಾನು ಗಟ್ಟಿಗ ಅನ್ನುವುದು ಅವನಿಗೆ ಸ್ವಲ್ಪ ಜಾಸ್ತಿಯೇ ಗೊತ್ತಿತ್ತು.

ಒಂದು ಸೋಮವಾರ ಯಶೋದಾ ಎಂಬ ಹೆಂಗಸು ಹಳೆಯ ಕ್ಯಾಸೆಟ್ ಹಿಡಿದುಕೊಂಡು ಬಂದಳು.

“ಸಾರ್, ನಮ್ಮಪ್ಪ ಬ್ಯಾಂಡ್ ಮೇಷ್ಟ್ರು ಚಿಕ್ಕರಂಗಯ್ಯ. ನಲವತ್ತು ವರ್ಷ ಮದುವೆ ಮೆರವಣಿಗೆ ಮುಂದೆ ಕ್ಲಾರಿನೆಟ್ ಊದ್ಕೊಂಡು ನಡೆದೋರು. ಈಗ ಸ್ಟ್ರೋಕ್ ಆಗಿ ಎಡಗಡೆ ಬಿದ್ದೋಗಿದೆ, ಮಾತೂ ನಿಂತೋಗಿದೆ...”

ಕ್ಯಾಸೆಟ್ಟನ್ನು ಮೇಜಿನ ಮೇಲಿಟ್ಟಳು.

“ಆರು ತಿಂಗಳೊಳಗೆ ನಡೆಸಿಬಿಡಿ, ಆಮೇಲೆ ಕಷ್ಟ ಅಂತಾರೆ ಫಿಸಿಯೋಥೆರಪಿಯವರು. ತಾಳಕ್ಕೆ ಹೆಜ್ಜೆ ಹಾಕ್ಸಿ ಅಂದ್ರು. ಈ ಕ್ಯಾಸೆಟ್ಟಲ್ಲಿರೋ ಮಾರ್ಚು ಟ್ಯೂನು ಅಪ್ಪನೇ ಕಟ್ಟಿದ್ದು. ನಿಧಾನ ಮಾಡ್ಕೊಡ್ತೀರಾ?”

“ಮೊಬೈಲಲ್ಲೇ ನಿಧಾನ ಮಾಡ್ಬೋದಲ್ಲ ಅಕ್ಕ.”

“ಮಾಡಿದ್ವಿ ಸಾರ್. ಸ್ವರ ಎಲ್ಲ ಎಳೆದೋಗುತ್ತೆ... ಅಪ್ಪ ಮುಖ ಸಿಂಡರಿಸ್ತಾರೆ.”

ಸುಹಾಸ್ ಕ್ಯಾಸೆಟ್ ಕೇಳಿ, ಕೀಬೋರ್ಡಿನಲ್ಲಿ ನುಡಿಸಿ, ಆ ಮಾರ್ಚನ್ನು ಮಿಡಿ ಟ್ರ್ಯಾಕ್ ಮಾಡಿಕೊಂಡ.

ಮಿಡಿ ಟ್ರ್ಯಾಕಿನಲ್ಲಿ ಸದ್ದು ಇರುವುದಿಲ್ಲ. ಯಾವ ಸ್ವರ ಯಾವಾಗ ಬರಬೇಕು ಎಂಬ ಸೂಚನೆ ಮಾತ್ರ ಇರುತ್ತದೆ. ಟೆಂಪೋ ಅನ್ನುವ ಒಂದು ನಂಬರ್ ಬದಲಿಸಿದರೆ ಸಾಕು... ಶ್ರುತಿ ಒಂದಿಷ್ಟೂ ಕೆಡದೆ ಇಡೀ ಹಾಡು ನಿಧಾನವಾಗುತ್ತದೆ.

ನಿಮಿಷಕ್ಕೆ ನಲವತ್ತು ಬೀಟ್. ಅಲ್ಲಿಂದ ಶುರು. ಪ್ರತಿ ಸೋಮವಾರ ಎರಡೆರಡೇ ಏರಿಸಬೇಕು.

ನಲವತ್ತೆರಡು... ನಲವತ್ತನಾಲ್ಕು... ಯಶೋದಾ ಒಂದು ವಾರವೂ ತಪ್ಪಿಸಲಿಲ್ಲ. ಅಪ್ಪ ಮಂಚ ಬಿಟ್ಟು ಬಾಗಿಲ ತನಕ ಬಂದರಂತೆ, ಆಮೇಲೆ ಅಂಗಳಕ್ಕೆ ಇಳಿದರಂತೆ.

ಹನ್ನೊಂದನೆಯ ಸೋಮವಾರ ಸುಹಾಸನಿಗೆ ಕೈತುಂಬ ಕೆಲಸ. ಜಾಹೀರಾತಿನವರು ತಲೆ ಮೇಲೆ ಕೂತಿದ್ದರು. ಅವನು ಟೆಂಪೋ ಮುಟ್ಟಲೇ ಇಲ್ಲ. ಹೋದ ವಾರದ ಐವತ್ತೆಂಟರ ಫೈಲಿಗೇ ‘ಅರವತ್ತು’ ಅಂತ ಹೆಸರು ಬದಲಿಸಿ ಅವಳ ಮೊಬೈಲಿಗೆ ಕಳಿಸಿಬಿಟ್ಟ.

‘ಎರಡೇ ಎರಡು ಬೀಟ್... ನನಗೇ ಗೊತ್ತಾಗಲ್ಲ, ಆ ಯಜಮಾನರಿಗೆ ಏನು ಗೊತ್ತಾಗುತ್ತೆ?’

ಸಂಜೆ ಫೋನ್ ಬಂತು.

“ಸಾರ್, ಅಪ್ಪ ಇವತ್ತು ಹೆಜ್ಜೆನೇ ಇಡ್ತಿಲ್ಲ. ಹಾಡು ಹಾಕಿದ್ರೆ ಎರಡು ಬೆರಳು ತೋರಿಸ್ತಾರೆ, ಆಮೇಲೆ ಇಲ್ಲ ಇಲ್ಲ ಅಂತ ಕೈ ಆಡಿಸ್ತಾರೆ. ನಂಗೇನೂ ಅರ್ಥ ಆಗ್ತಿಲ್ಲ...”

ಸುಹಾಸನಿಗೆ ಅರ್ಥವಾಗಿತ್ತು. ಎರಡು ಬೀಟ್ ಏರಿಲ್ಲ ಅನ್ನುತ್ತಿದ್ದರು ಮೇಷ್ಟ್ರು.

ಮರುದಿನ ಬೆಳಿಗ್ಗೆಯೇ ಲ್ಯಾಪ್‌ಟಾಪ್ ಹಿಡಿದು ಅವರ ಮನೆಗೆ ಹೋದ. ಮೇಷ್ಟ್ರು ಮಂಚದ ತುದಿಯಲ್ಲಿ ಕೂತಿದ್ದರು. ಬಾಯಿ ಸ್ವಲ್ಪ ವಾಲಿತ್ತು, ನೋಟ ಎಲ್ಲೋ ಇತ್ತು.

ಸ್ಕ್ರೀನ್ ಯಾರಿಗೂ ಕಾಣದಂತೆ ತಿರುಗಿಸಿಕೊಂಡು ಐವತ್ತೆಂಟು ಹಾಕಿದ. ಅವರು ಕೈ ಆಡಿಸಿದರು.

ಐವತ್ತೊಂಬತ್ತು ಹಾಕಿದ... ಅಂಗೈ ಮೇಲೆತ್ತಿ ‘ಇನ್ನೂ’ ಎಂದರು.

ಬೇಕಂತಲೇ ಅರವತ್ತೊಂದು ಹಾಕಿದ... ಅಂಗೈ ಕೆಳಗೆ ಬಂತು. ‘ಇಳಿಸು.’

ಅರವತ್ತು.

ಮೇಷ್ಟ್ರ ಬಲಗೈ ತೊಡೆಯ ಮೇಲೆ ತಾಳ ಹಾಕತೊಡಗಿತು. ನಿಧಾನಕ್ಕೆ ಊರುಗೋಲು ಹಿಡಿದು ಎದ್ದರು... ಎಡಗಾಲು ಎಳೆಯುತ್ತಲೇ, ಒಂದೂ ಬೀಟ್ ತಪ್ಪದೆ ನಡೆದರು.

ಸುಹಾಸ್ ಸ್ಕ್ರೀನಿನ ಮೇಲಿನ ನಂಬರನ್ನು ಮತ್ತೊಮ್ಮೆ ನೋಡಿದ. ಹದಿನೈದು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದರೂ, ನಂಬರ್ ಮುಚ್ಚಿಟ್ಟರೆ ಅವನಿಗೇ ಆ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

“ಅಕ್ಕ, ತಪ್ಪು ನಂದು. ನಿನ್ನೆ ಹಳೇ ಫೈಲನ್ನೇ ಹೆಸರು ಬದಲಿಸಿ ಕೊಟ್ಟಿದ್ದೆ. ನಿಮ್ಮಪ್ಪ ಕಂಡುಹಿಡಿದ್ರು.”

ಬೈಯುತ್ತಾಳೆ ಎಂದುಕೊಂಡಿದ್ದ. ಯಶೋದಾ ಗೋಡೆಗೆ ಒರಗಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು.

“ತಲೇಲಿ ಎಷ್ಟು ಉಳಿದಿದೆಯೋ ಹೇಳಕ್ಕಾಗಲ್ಲ ಅಂದಿದ್ರು ಸಾರ್ ಡಾಕ್ಟ್ರು... ನನ್ನ ಗುರುತು ಇದೆಯೋ ಇಲ್ವೋ ಅಂತ ದಿನಾ ನೋಡ್ತಿದ್ದೆ. ಅಪ್ಪ ಪೂರ್ತಿ ಒಳಗೇ ಇದ್ದಾರೆ ಅಲ್ವಾ ಸಾರ್?”

ಸುಹಾಸ್ ತಲೆಯಾಡಿಸಿದ. ಎದ್ದು ಹೋಗಿ ಮೇಷ್ಟ್ರ ಕಾಲು ಮುಟ್ಟಿದ.

ಹದಿನೇಳನೆಯ ಸೋಮವಾರ... ಸ್ಟುಡಿಯೋ ಬಾಗಿಲು ತೆರೆದಿತ್ತು. ಕಾರಿಡಾರಿನಲ್ಲಿ ಹೆಜ್ಜೆ ಸದ್ದು. ಒಂದು ಗಟ್ಟಿ, ಒಂದು ಎಳೆದದ್ದು. ಆದರೆ ಒಂದೇ ಸಮ.

ಕೀಬೋರ್ಡಿನ ಒಂದು ಕೀ ತಟ್ಟುತ್ತಾ ಹೋದರೆ ತಾಳದ ವೇಗ ಲೆಕ್ಕ ಹಾಕುವ ಸೌಲಭ್ಯ ಅವನ ಸಾಫ್ಟ್‌ವೇರಿನಲ್ಲಿದೆ. ಸುಹಾಸ್ ತಿರುಗಿ ನೋಡದೆ, ಪ್ರತಿ ಹೆಜ್ಜೆಗೂ ಒಂದೊಂದು ಸಲ ತಟ್ಟುತ್ತಾ ಹೋದ.

ಸ್ಕ್ರೀನಿನ ಮೇಲೆ ನಂಬರ್ ಬಂದು ನಿಂತಿತು. ಎಪ್ಪತ್ತು.

ಹೋದ ಸೋಮವಾರ ಅವನು ಕೊಟ್ಟದ್ದು ಎಪ್ಪತ್ತೇ. ಮೇಷ್ಟ್ರು ಅಂದು ಹಾಡಿಲ್ಲದೆ, ಮೊಬೈಲಿಲ್ಲದೆ ನಡೆದು ಬಂದಿದ್ದರು.

ಬಾಗಿಲಲ್ಲಿ ನಿಂತು, ಸುಹಾಸನನ್ನು ನೋಡಿ, ವಾಲಿದ ಬಾಯಲ್ಲೇ ನಕ್ಕರು.

ಊರುಗೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎರಡು ಬೆರಳು ಎತ್ತಿ ತೋರಿಸಿದರು.

ಸುಹಾಸ್ ಕಣ್ಣೊರೆಸಿಕೊಂಡು ಟೆಂಪೋ ಎಪ್ಪತ್ತೆರಡಕ್ಕೆ ಏರಿಸಿದ.

*

ಮಾತು ನಿಂತವರ ಒಳಗೆ ಎಲ್ಲವೂ ನಿಂತುಹೋಗಿದೆ ಎಂದುಕೊಳ್ಳಬೇಡಿ.

ನಿಮ್ಮ ಮನೆಯಲ್ಲೂ ಯಾರೋ ಒಬ್ಬರು ಸುಮ್ಮನೆ ಬೆರಳು ಆಡಿಸುತ್ತಾ ಕೂತಿರಬಹುದು... ಅವರು ಏನು ಹೇಳುತ್ತಿದ್ದಾರೆ ಎಂದು ಕೊನೆಯ ಸಲ ನೀವು ಕೇಳಿದ್ದು ಯಾವಾಗ?